ಪಥ್ಯವಿಚಾರ
ದೀರ್ಘರೋಗಗಳ ತಡೆಗೆ ನಿತ್ಯದ ನಡೆ

‘ಪಥ್ಯ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆಂಬ ಭಾವನೆ ಮೂಡುವುದು ಲೋಕರೂಢಿ. ಉಪ್ಪಿಲ್ಲದ ಗಂಜಿ, ಎಣ್ಣೆಯಿಲ್ಲದ ಪಲ್ಯ, ವೈದ್ಯರು ಬರೆದುಕೊಟ್ಟ ಬೇಡಗಳ ಪಟ್ಟಿ – ಇಷ್ಟೇ ಪಥ್ಯವೆಂದು ಜನ ತಿಳಿದಿದ್ದಾರೆ. ಆದರೆ ಶಬ್ದದ ಮೂಲವನ್ನು ಅರಸಿ ಹೋದರೆ ಬೇರೆಯೇ ಅರ್ಥ ತೋರುತ್ತದೆ. ಪಥವೆಂದರೆ ದಾರಿ, ದಾರಿಯಿಂದ ದೂರ ಸರಿಯದೆ ಇರುವುದು ಪಥ್ಯ. ಪಾಣಿನಿಯು ತನ್ನ ವ್ಯಾಕರಣದಲ್ಲಿ ಧರ್ಮ, ಪಥ, ಅರ್ಥ, ನ್ಯಾಯ ಎಂಬ ನಾಲ್ಕು ಶಬ್ದಗಳಿಗೆ ‘ಅದರಿಂದ ಅಗಲದಿರುವುದು’ ಎಂಬ ಒಂದೇ ಅರ್ಥದಲ್ಲಿ ಒಂದೇ ಪ್ರತ್ಯಯವನ್ನು ವಿಧಿಸಿದ್ದಾನೆ. ಹೀಗೆ ಧರ್ಮ್ಯ, ಪಥ್ಯ, ಅರ್ಥ್ಯ, ನ್ಯಾಯ್ಯ ಎಂಬ ನಾಲ್ಕು ಪದಗಳು ಒಡಹುಟ್ಟಿದವು. ಧರ್ಮವನ್ನು ಮುಪ್ಪಿನಲ್ಲಿ ಮಾತ್ರ ಆಚರಿಸಿದರೆ ಸಾಕೆಂದು ಯಾವ ಸುಜ್ಞನೂ ಹೇಳಲಾರ; ನ್ಯಾಯವನ್ನು ಮೊಕದ್ದಮೆ ಬಂದಾಗ ಮಾತ್ರ ಪಾಲಿಸಿದರೆ ಸಾಕೆಂದೂ ಹೇಳಲಾರ. ಅವುಗಳ ಸೋದರವಾದ ಪಥ್ಯವನ್ನು ಮಾತ್ರ ರೋಗ ಬಂದ ಮೇಲಿನ ಕಷ್ಟವೆಂದು ಬದಿಗಿರಿಸಿದ್ದೇವೆ. ಇಂದಿನ ದೀರ್ಘರೋಗಗಳಲ್ಲಿ ಬಹುಪಾಲಿಗೆ ಮೂಲಕಾರಣ ಈ ಒಂದು ತಪ್ಪು ತಿಳಿವಳಿಕೆಯಲ್ಲಿದೆ ಎಂಬುದನ್ನು ಈ ಲೇಖನದಲ್ಲಿ ಪರಾಮರ್ಶಿಸಲಾಗುವುದು.

ರೋಗಗಳ ಸ್ವರೂಪ ಬದಲಾದ ಬಗೆ

ನಮ್ಮ ಅಜ್ಜಂದಿರ ಕಾಲದಲ್ಲಿ ಊರನ್ನು ನಡುಗಿಸುತ್ತಿದ್ದ ರೋಗಗಳು ಪ್ಲೇಗು, ಕಾಲರಾ, ಸಿಡುಬು, ಮಲೇರಿಯಾಗಳು. ಅವು ಹೊರಗಿನಿಂದ ಬಂದು ಎರಗುತ್ತಿದ್ದ ಶತ್ರುಗಳು. ಲಸಿಕೆ, ಶುದ್ಧವಾದ ನೀರು, ಹೊಸ ಔಷಧಗಳು ಇವುಗಳ ಬಲವನ್ನು ಕುಂದಿಸಿದವು. ಸಿಡುಬಂತೂ ಭೂಮಿಯಿಂದಲೇ ನಿರ್ಮೂಲವಾಯಿತು. ಆ ಸ್ಥಾನವನ್ನು ಆಕ್ರಮಿಸಿದವು ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯು, ಅರ್ಬುದ, ಶ್ವಾಸಕೋಶದ ದೀರ್ಘವ್ಯಾಧಿ ಮೊದಲಾದವು. ಇವು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಒಂದು ದಿನದಲ್ಲಿ ಬರುವುದೂ ಇಲ್ಲ, ಒಂದು ದಿನದಲ್ಲಿ ಹೋಗುವುದೂ ಇಲ್ಲ. ಹತ್ತಿಪ್ಪತ್ತು ವರ್ಷಗಳ ಕಾಲ ಸದ್ದಿಲ್ಲದೆ ಒಳಗೆ ಬೆಳೆದು, ಒಂದು ದಿನ ಹೊರಗೆ ಕಾಣಿಸಿಕೊಳ್ಳುತ್ತವೆ.

ಈ ಬದಲಾವಣೆಯ ಪ್ರಮಾಣವನ್ನು ಅಂಕಿಗಳು ಹೇಳುತ್ತವೆ. ಭಾರತದಲ್ಲಿ 1990ರಲ್ಲಿ ಸಂಭವಿಸಿದ ಮರಣಗಳಲ್ಲಿ ಶೇಕಡಾ 37.9ರಷ್ಟಕ್ಕೆ ಇಂಥ ಅಂಟದ ರೋಗಗಳು ಕಾರಣವಾಗಿದ್ದವು; 2016ರ ವೇಳೆಗೆ ಆ ಪ್ರಮಾಣ ಶೇಕಡಾ 61.8ಕ್ಕೆ ಏರಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ, ಮಧುಮೇಹದ ಹೊಸ್ತಿಲಲ್ಲಿ ನಿಂತವರು ಸುಮಾರು 13.6 ಕೋಟಿ. ವಯಸ್ಕರಲ್ಲಿ ನೂರಕ್ಕೆ ಮೂವತ್ತೈದಕ್ಕೂ ಹೆಚ್ಚು ಮಂದಿಗೆ ರಕ್ತದ ಒತ್ತಡ ಅಧಿಕವಾಗಿದೆ. ಹೊಸ್ತಿಲಲ್ಲಿ ನಿಂತವರ ಸಂಖ್ಯೆ ಒಳಹೊಕ್ಕವರಿಗಿಂತ ಹೆಚ್ಚಾಗಿರುವುದು ಗಮನಾರ್ಹ. ಇದು ಭಯಕ್ಕೂ ಕಾರಣ, ಭರವಸೆಗೂ ಕಾರಣ. ಏಕೆಂದರೆ ಹೊಸ್ತಿಲಲ್ಲಿ ನಿಂತವನು ಹಿಂದಿರುಗಬಲ್ಲನು.

ಶಾಸ್ತ್ರಕಾರರು ಕಂಡ ಮಧುಮೇಹ

ಈ ರೋಗಗಳು ಹೆಚ್ಚಿದ್ದು ಈಚೆಗಾದರೂ ಇವುಗಳ ಪರಿಚಯ ನಮ್ಮ ಪ್ರಾಚೀನರಿಗೆ ಇಲ್ಲದಿರಲಿಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹವನ್ನು ಎರಡು ಬಗೆಯಾಗಿ ವಿಂಗಡಿಸಿದೆ. ಹುಟ್ಟಿನಿಂದಲೇ ಬರುವುದು ಸಹಜ. ಅಪಥ್ಯದಿಂದ ಬರುವುದು ಇನ್ನೊಂದು. ಮೊದಲಿನವನು ಕೃಶನಾಗಿರುತ್ತಾನೆ, ಎರಡನೆಯವನು ಸ್ಥೂಲನಾಗಿದ್ದು, ಹೆಚ್ಚು ಉಣ್ಣುವ, ಮಲಗುವುದರಲ್ಲಿ ಕೂರುವುದರಲ್ಲಿ ಆಸಕ್ತನಾದವನು ಎಂದು ಅಲ್ಲಿ ವರ್ಣಿತವಾಗಿದೆ. ಇಂದಿನ ವೈದ್ಯರು ಮಧುಮೇಹವನ್ನು ಒಂದನೆಯ, ಎರಡನೆಯ ಪ್ರಕಾರವೆಂದು ವಿಭಾಗಿಸುವ ಕ್ರಮಕ್ಕೆ ಇದು ಬಹಳ ಹತ್ತಿರದ ಮಾತು.

ಅಲ್ಲಿ ಹೇಳಿದ ಚಿಕಿತ್ಸೆ ಇನ್ನೂ ಸ್ವಾರಸ್ಯವಾದುದು. ರೋಗ ಬಲಿತವನು ವ್ಯಾಯಾಮ ಮಾಡಬೇಕು, ಮಲ್ಲಯುದ್ಧ ಮಾಡಬೇಕು. ಹಣವಿಲ್ಲದವನಾದರೆ ಕೊಡೆ, ಕೆರವುಗಳಿಲ್ಲದೆ ನೂರು ಯೋಜನ ನಡೆಯಬೇಕು, ಗೋವುಗಳ ಹಿಂದೆ ಅಲೆಯಬೇಕು, ಬಾವಿಯನ್ನು ತೋಡಬೇಕು ಎಂದು ಆ ಗ್ರಂಥ ವಿಧಿಸುತ್ತದೆ. ಬಾವಿ ತೋಡುವುದನ್ನು ಔಷಧವೆಂದು ಬರೆದುಕೊಟ್ಟ ವೈದ್ಯಶಾಸ್ತ್ರ ನಮ್ಮದು. ಅದರ ತಾತ್ಪರ್ಯ ಸ್ಪಷ್ಟವಾಗಿದೆ: ರೋಗವು ದುಡಿಮೆಯ ಲೋಪದಿಂದ ಬಂದಿತು, ದುಡಿಮೆಯಿಂದಲೇ ಅದನ್ನು ಎದುರಿಸಬೇಕು. ವಾಗ್ಭಟನೂ ಅಷ್ಟಾಂಗಹೃದಯದ ಮೊದಲ ಅಧ್ಯಾಯದಲ್ಲಿ ಆಯುರ್ವೇದದ ಸ್ವರೂಪವನ್ನು ನಿರೂಪಿಸಿದೊಡನೆ, ಎರಡನೆಯದರಲ್ಲಿ ದಿನಚರ್ಯೆಯನ್ನು, ಮೂರನೆಯದರಲ್ಲಿ ಋತುಚರ್ಯೆಯನ್ನು ಹೇಳಿದನು. ಚಿಕಿತ್ಸೆಯ ಮಾತು ಬಂದುದು ಬಹಳ ಮುಂದೆ. ಏಳುವುದು, ಉಣ್ಣುವುದು, ದುಡಿಯುವುದು, ಮಲಗುವುದು ಸರಿಯಾಗಿದ್ದರೆ ಮುಂದಿನ ಅಧ್ಯಾಯಗಳ ಅವಶ್ಯಕತೆ ಕಡಮೆಯಾಗುತ್ತದೆಂಬುದು ಆ ಕ್ರಮದಿಂದಲೇ ವ್ಯಕ್ತವಾಗುತ್ತದೆ.

ದೇಹದೊಳಗೆ ನಡೆಯುವುದೇನು?

ಆಧುನಿಕ ವೈದ್ಯವಿಜ್ಞಾನವು ಇದರ ಕಾರಣವನ್ನು ಹೀಗೆ ವಿವರಿಸುತ್ತದೆ. ಉಂಡ ಅನ್ನವು ಜೀರ್ಣವಾಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆಯನ್ನು ರಕ್ತದಿಂದ ಜೀವಕೋಶಗಳೊಳಗೆ ಸಾಗಿಸಲು ಮೇದೋಜೀರಕ ಗ್ರಂಥಿಯಿಂದ ಹೊರಡುವ ಇನ್ಸುಲಿನ್ ಎಂಬ ಸ್ರಾವವು ಬೇಕು. ಅದನ್ನು ಅತಿ ಹೆಚ್ಚಾಗಿ ಬಳಸಿಕೊಳ್ಳುವ ಸ್ಥಳ ನಮ್ಮ ಮಾಂಸಖಂಡಗಳು. ಮಾಂಸಖಂಡವು ದುಡಿಯುತ್ತಿರುವಾಗ ಇನ್ಸುಲಿನ್ನಿನ ನೆರವು ಹೆಚ್ಚಾಗಿ ಬೇಡದೆಯೇ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಸುಮ್ಮನಿರುವಾಗ ಅದಕ್ಕೆ ಸಕ್ಕರೆ ಅಷ್ಟಾಗಿ ಬೇಡ. ಬೇಡದ ಸಕ್ಕರೆ ಕೊಬ್ಬಾಗಿ ಮಾರ್ಪಟ್ಟು ಹೊಟ್ಟೆಯ ಸುತ್ತಲೂ ಯಕೃತ್ತಿನಲ್ಲೂ ನೆಲೆಸುತ್ತದೆ. ಆ ಕೊಬ್ಬು ಬೆಳೆದಂತೆ ಇನ್ಸುಲಿನ್ನಿನ ಮಾತಿಗೆ ದೇಹ ಕಿವಿಗೊಡದಂತಾಗುತ್ತದೆ. ಗ್ರಂಥಿಯು ಮತ್ತಷ್ಟು ಸ್ರವಿಸಿ ಸ್ರವಿಸಿ ಕೊನೆಗೆ ಬಸವಳಿಯುತ್ತದೆ.

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಪರೀಕ್ಷಿಸಿದಾಗ ನೂರು ಮಿಲಿಲೀಟರು ರಕ್ತದಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕೆ ಮಿಕ್ಕಿ ಸಕ್ಕರೆ ಇದ್ದು, ಮರುಪರೀಕ್ಷೆಯಲ್ಲೂ ಹಾಗೆಯೇ ಕಂಡರೆ ವೈದ್ಯರು ಅದನ್ನು ಮಧುಮೇಹವೆನ್ನುತ್ತಾರೆ. ರಕ್ತದ ಒತ್ತಡವು ಮತ್ತೆ ಮತ್ತೆ ಅಳೆದಾಗ 140/90ಕ್ಕೆ ಮುಟ್ಟಿದರೆ ಅಥವಾ ಮೀರಿದರೆ ಅಧಿಕ ಒತ್ತಡವೆಂದು ಪರಿಗಣಿಸುತ್ತಾರೆ. ಇಂಥ ಸ್ಥಿತಿಯಲ್ಲಿ ರೋಗಿಗೆ ಏನೂ ಅನಿಸದಿರಬಹುದು. ಆದರೂ ರಕ್ತನಾಳಗಳ ಒಳಗೋಡೆ ಸವೆಯುತ್ತಿರುತ್ತದೆ. ಹೃದಯ, ಮಿದುಳು, ಮೂತ್ರಪಿಂಡ, ಕಣ್ಣು – ಎಲ್ಲೆಲ್ಲಿ ಸೂಕ್ಷ್ಮನಾಳಗಳಿವೆಯೋ ಅಲ್ಲೆಲ್ಲ ಅದರ ಹಾನಿ ತಟ್ಟುತ್ತದೆ. ನೋಡಲು ತೆಳ್ಳಗಿರುವ ಭಾರತೀಯರಲ್ಲೂ ಹೊಟ್ಟೆಯ ಕೊಬ್ಬು ಹೆಚ್ಚಿರುವುದು ಸಾಮಾನ್ಯವಾದುದರಿಂದ, ತೂಕವನ್ನು ಮಾತ್ರ ನೋಡಿದರೆ ಸಾಲದು. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರನ್ನೂ ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನೂ ಮೀರದಿರುವುದು ಹಿತ. ಒಂದು ದರ್ಜಿಯ ಟೇಪು ಈ ಪರೀಕ್ಷೆಗೆ ಸಾಕು.

ನಡೆಯನ್ನು ತಿದ್ದಿದರೆ ರೋಗ ತಡೆಯಬಹುದೇ?

ಈ ಸಂದೇಹಕ್ಕೆ ಪರೀಕ್ಷಿಸಿದ ಉತ್ತರವಿದೆ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ನಾಲ್ಕು ಗುಂಪುಗಳಾಗಿ ಮಾಡಿ ಸುಮಾರು ಮೂರು ವರ್ಷ ಪರಿಶೀಲಿಸಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಯಾವ ವಿಶೇಷ ಬದಲಾವಣೆಯನ್ನೂ ಮಾಡಿಕೊಳ್ಳದ ಗುಂಪಿನಲ್ಲಿ ನೂರಕ್ಕೆ ಐವತ್ತೈದು ಮಂದಿ ಮಧುಮೇಹಿಗಳಾದರು. ಊಟವನ್ನು ತಿದ್ದಿಕೊಂಡು ದಿನವೂ ನಡೆದ ಗುಂಪಿನಲ್ಲಿ ಆ ಸಂಖ್ಯೆ ಸುಮಾರು ಮೂವತ್ತೊಂಬತ್ತಕ್ಕೆ ಇಳಿಯಿತು. ಗುಳಿಗೆ ಸೇವಿಸಿದ ಗುಂಪಿನಲ್ಲೂ ಇಳಿತ ಹೆಚ್ಚು ಕಡಮೆ ಅಷ್ಟೇ. ನಡೆ, ಗುಳಿಗೆ ಎರಡನ್ನೂ ಕೂಡಿಸಿದಾಗಲೂ ಅದಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಅಂದರೆ ಕಾಲ್ನಡಿಗೆಯೂ ಮಿತಭೋಜನವೂ ಒಂದು ಒಳ್ಳೆಯ ಔಷಧಕ್ಕೆ ಸರಿಸಮನಾಗಿ ನಿಂತವು. ಎಲ್ಲರನ್ನೂ ಅವು ಕಾಪಾಡಲಿಲ್ಲವೆಂಬುದೂ ನಿಜ. ವಂಶದಿಂದ ಬಂದ ಪ್ರವೃತ್ತಿಯನ್ನು ನಡೆಯಿಂದ ಪೂರ್ಣವಾಗಿ ಅಳಿಸಲಾಗದು, ಮುಂದೂಡಬಹುದು, ತಗ್ಗಿಸಬಹುದು.

ಒಬ್ಬೊಬ್ಬರಲ್ಲದೆ ಒಂದು ನಾಡೇ ನಡೆ ಬದಲಿಸಿದ ನಿದರ್ಶನವೂ ಇದೆ. ಫಿನ್ಲೆಂಡ್ ದೇಶದ ಉತ್ತರ ಕರೇಲಿಯಾ ಪ್ರಾಂತ್ಯದಲ್ಲಿ ನಡುವಯಸ್ಸಿನ ಗಂಡಸರು ಹೃದ್ರೋಗದಿಂದ ಸಾಲುಸಾಲಾಗಿ ಸಾಯುತ್ತಿದ್ದರು. ಬೆಣ್ಣೆಯ ಅತಿಬಳಕೆ, ಅತಿಯಾದ ಉಪ್ಪು, ಧೂಮಪಾನ, ತರಕಾರಿಯ ಅಭಾವ – ಇವು ಅಲ್ಲಿನ ರೂಢಿಗಳಾಗಿದ್ದವು. 1972ರಲ್ಲಿ ಡಾ. ಪೆಕ್ಕ ಪುಸ್ಕ ಎಂಬವರ ನಾಯಕತ್ವದಲ್ಲಿ ಶಾಲೆ, ಅಂಗಡಿ, ಮಹಿಳಾ ಸಂಘ, ಪತ್ರಿಕೆಗಳೆಲ್ಲ ಒಂದಾಗಿ ಊಟದ ಕ್ರಮವನ್ನು ಬದಲಿಸಲು ತೊಡಗಿದವು. ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಪುರುಷರ ಹೃದ್ರೋಗ ಮರಣವು ಶೇಕಡಾ 80ಕ್ಕೂ ಮಿಕ್ಕಿ ಇಳಿಯಿತು. ಇದು ಬರಿಯ ಆಸ್ಪತ್ರೆಗಳ ಕೆಲಸವಾಗಿರಲಿಲ್ಲವೆಂಬುದನ್ನು ಶಿಕ್ಷಣ ಸಂಸ್ಥೆಗಳು ನೆನಪಿನಲ್ಲಿಡಬೇಕು.

ಕಾಯಕ ಮತ್ತು ಪ್ರಸಾದ

ಶರಣಧರ್ಮದ ಪರಂಪರೆಯಲ್ಲಿ ಬೆಳೆದವರಿಗೆ ಈ ಮಾತುಗಳು ಹೊರಗಿನಿಂದ ಬಂದ ಬೋಧನೆಯಾಗಿ ತೋರಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ಸ್ಮರಿಸಿದರೆ ಸಾಕು. ಮೋಳಿಗೆಯ ಮಾರಯ್ಯ ಕಟ್ಟಿಗೆ ಹೊರುತ್ತಿದ್ದನು. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದನು. ಮೇದರ ಕೇತಯ್ಯ ಬಿದಿರು ಕಡಿದು ಬುಟ್ಟಿ ಹೆಣೆಯುತ್ತಿದ್ದನು. ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದನು. ಮಡಿವಾಳ ಮಾಚಯ್ಯ ಬಟ್ಟೆಗಳನ್ನು ಮಡಿ ಮಾಡುತ್ತಿದ್ದನು. ಅವರ ಪಾಲಿಗೆ ಕಾಯಕವೆಂಬುದು ಕಾಯದಿಂದ ನಡೆಯುವ ಕೆಲಸವೇ ಆಗಿತ್ತು. ಆ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯನೂ ಇದ್ದನೆಂಬುದು ಇಲ್ಲಿ ಸ್ಮರಣೀಯ. ಮರುಳಶಂಕರಪ್ರಿಯ ಸಿದ್ಧರಾಮಲಿಂಗ ಎಂಬ ಅಂಕಿತದ ಅವನ ವಚನಗಳಲ್ಲಿ ರೋಗ, ಔಷಧಗಳ ಪರಿಭಾಷೆಯೇ ಅಧ್ಯಾತ್ಮದ ಪರಿಭಾಷೆಯಾಗಿ ಪರಿಣಮಿಸಿದೆ.

ಇಂದು ಕಾಯಕ ಎಂಬ ಶಬ್ದ ಉಳಿದಿದೆ, ಅದರಲ್ಲಿದ್ದ ಕಾಯ ಹಿಂದೆ ಸರಿದಿದೆ. ಶಿಕ್ಷಕನ ಕಾಯಕ, ಗುಮಾಸ್ತನ ಕಾಯಕ, ವ್ಯಾಪಾರಿಯ ಕಾಯಕ, ಗಣಕಯಂತ್ರದ ಮುಂದೆ ಕುಳಿತವನ ಕಾಯಕ – ಎಲ್ಲವೂ ಗೌರವಾರ್ಹವೇ. ಆದರೆ ಎಲ್ಲವೂ ಕುರ್ಚಿಯ ಮೇಲೆ ನಡೆಯುವಂಥವು. ಕಟ್ಟಿಗೆ ಹೊತ್ತವನು ಉಣ್ಣುತ್ತಿದ್ದ ಅನ್ನದ ರಾಶಿಯನ್ನು ಮಾತ್ರ ನಾವು ಬಿಟ್ಟಿಲ್ಲ. ಊಟ ಹಿಂದಿನದು, ದುಡಿಮೆ ಇಂದಿನದು. ಇವೆರಡರ ನಡುವಿನ ಅಂತರವೇ ಕೊಬ್ಬಾಗಿ, ಸಕ್ಕರೆಯಾಗಿ ದೇಹದಲ್ಲಿ ಸಂಗ್ರಹವಾಗುತ್ತಿದೆ.

ಪ್ರಸಾದವೆಂಬ ತತ್ತ್ವದಲ್ಲಿ ಅಳತೆಯ ಪಾಠವಿದೆ. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದುದು ಪ್ರಸಾದ, ಅದನ್ನು ಚೆಲ್ಲುವಂತಿಲ್ಲ. ಚೆಲ್ಲುವಂತಿಲ್ಲವಾದುದರಿಂದ ಬೇಕಾದುದಕ್ಕಿಂತ ಹೆಚ್ಚು ಬಡಿಸಿಕೊಳ್ಳುವಂತೆಯೂ ಇಲ್ಲ. ಆದರೆ ಎಲೆಯಲ್ಲಿ ಉಳಿಸಬಾರದೆಂಬ ನಿಯಮವು, ಬಡಿಸಿದ್ದೆಲ್ಲವನ್ನೂ ಹೊಟ್ಟೆಗೆ ತುಂಬಬೇಕೆಂಬ ರೂಢಿಯಾಗಿ ಎಷ್ಟೋ ಪಂಕ್ತಿಗಳಲ್ಲಿ ಮಾರ್ಪಟ್ಟಿದೆ. ಬಡಿಸುವವರ ಒತ್ತಾಯ, ಉಣ್ಣುವವರ ಸಂಕೋಚ ಎರಡೂ ಸೇರಿ ಪ್ರಸಾದವನ್ನು ಅಪಥ್ಯವಾಗಿಸುತ್ತವೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಇಲ್ಲಿ ದಾರಿ ತೋರುತ್ತದೆ. ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಯನ್ನು ಲಕ್ಕಮ್ಮ ಪ್ರಶ್ನಿಸಿ, ಹೆಚ್ಚಾದುದನ್ನು ಮತ್ತೆ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ಕಥೆಯನ್ನು ಸಂಗ್ರಹಬುದ್ಧಿಯ ಖಂಡನೆಯಾಗಿ ಬೋಧಿಸುವುದು ಸರಿಯೇ. ಊಟದ ತಟ್ಟೆಗೂ ಅದನ್ನು ಅನ್ವಯಿಸಿ ಬೋಧಿಸಿದರೆ ತಪ್ಪಾಗದು. ಇಂದಿಗೆ ಬೇಕಾದಷ್ಟು ಎಂಬ ಲಕ್ಕಮ್ಮನ ಅಳತೆಗಿಂತ ಉತ್ತಮವಾದ ಅಳತೆ ಮಧುಮೇಹಕ್ಕೂ ಇಲ್ಲ.

ಇಷ್ಟಲಿಂಗಪೂಜೆಯು ಸಹ ದಿನಕ್ಕೆ ಒಂದು ಕ್ರಮವನ್ನು ಕೊಡುತ್ತದೆ. ನಿಯತವಾದ ಹೊತ್ತಿಗೆ ಏಳುವುದು, ಸ್ನಾನ, ಕೆಲವು ನಿಮಿಷ ಮೌನವಾಗಿ ದೃಷ್ಟಿಯನ್ನು ನೆಲೆಗೊಳಿಸಿ ಕೂರುವುದು, ಆ ಬಳಿಕವೇ ಆಹಾರ – ಈ ಕ್ರಮವನ್ನು ಪಾಲಿಸುವವನು ತಡರಾತ್ರಿಯವರೆಗೆ ದೂರವಾಣಿಯ ಪರದೆಯನ್ನು ನೋಡುತ್ತ ಕೂರಲಾರನು. ನಿದ್ರೆಯು ಆಹಾರದಂತೆಯೇ ಶರೀರದ ಒಂದು ಆಧಾರವೆಂದು ಚರಕ ಸಂಹಿತೆ ಎಣಿಸಿದೆ. ವಯಸ್ಕರಿಗೆ ರಾತ್ರಿ ಕನಿಷ್ಠ ಏಳು ಗಂಟೆಯ ನಿದ್ರೆ ಬೇಕೆಂದು ಇಂದಿನ ವೈದ್ಯರೂ ಹೇಳುತ್ತಾರೆ.

ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಸ್ವಾಮಿಗಳು (1907–2019) ಈ ಕ್ರಮಕ್ಕೆ ಕಣ್ಣೆದುರಿನ ಉದಾಹರಣೆಯಾಗಿದ್ದರು. ಬೆಳಗಾಗುವ ಮುನ್ನವೇ ಏಳುವುದು, ಪೂಜೆ, ಅತಿ ಮಿತವಾದ ಆಹಾರ, ಸಾವಿರಾರು ವಿದ್ಯಾರ್ಥಿಗಳ ಊಟ ಪಾಠಗಳ ಮೇಲ್ವಿಚಾರಣೆ – ನೂರು ವರ್ಷ ದಾಟಿದ ಮೇಲೂ ಅವರ ದಿನಚರ್ಯೆ ಸಡಿಲಲಿಲ್ಲ. ಒಬ್ಬ ಮಹಾಪುರುಷರ ದೀರ್ಘಾಯುಷ್ಯವನ್ನು ಎಲ್ಲರಿಗೂ ಪ್ರಮಾಣವೆಂದು ಹೇಳುವುದು ತರ್ಕಸಮ್ಮತವಲ್ಲ. ಆದರೂ ಅವರ ಜೀವನದಿಂದ ಇನ್ನೊಂದು ಪಾಠ ದೊರೆಯುತ್ತದೆ: ಅಗತ್ಯ ಬಿದ್ದಾಗ ಅವರು ಆಧುನಿಕ ಚಿಕಿತ್ಸೆಯನ್ನು ನಿರಾಕರಿಸಲಿಲ್ಲ, 2018ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಶಸ್ತ್ರಚಿಕಿತ್ಸೆಗೂ ಒಳಗಾದರು. ಪಥ್ಯವು ವೈದ್ಯನಿಗೆ ವಿರೋಧಿಯಲ್ಲ.

ಕಾವೂರಿನ ಊಟದ ತಟ್ಟೆ

ಈ ವಿಚಾರವನ್ನು ನಮ್ಮ ಸುತ್ತಮುತ್ತಲಿಗೆ ಅನ್ವಯಿಸಿ ನೋಡುವುದು ಉಚಿತ. ಮಂಗಳೂರು ನಗರದ ಉತ್ತರಕ್ಕಿರುವ ಕಾವೂರು ಮಹಾಲಿಂಗೇಶ್ವರ ದೇವಸ್ಥಾನದಿಂದಲೂ ಕೆರೆಯಿಂದಲೂ ಪರಿಚಿತವಾದ ಸ್ಥಳ. ಗದ್ದೆ, ತೋಟಗಳ ನೆಲವಾಗಿದ್ದುದು ಇಂದು ಮನೆ, ಮಹಡಿ, ಅಂಗಡಿಗಳ ಬಡಾವಣೆಯಾಗಿದೆ. ಗದ್ದೆಯ ಕೆಲಸಕ್ಕೆ ಹೋಗುತ್ತಿದ್ದವರ ಮೊಮ್ಮಕ್ಕಳು ಇಂದು ಬೊಂದೇಲಿಗೋ ಕೂಳೂರಿಗೋ ಹೋಗಬೇಕಾದರೂ ಬಸ್ಸು, ರಿಕ್ಷಾ, ದ್ವಿಚಕ್ರವಾಹನಗಳನ್ನು ಕಾಯುತ್ತಾರೆ.

ಕರಾವಳಿಯ ಹಳೆಯ ಆಹಾರ ಆ ದುಡಿಮೆಗೆ ತಕ್ಕುದಾಗಿತ್ತು. ತವುಡು ಪೂರ್ತಿ ಹೋಗದ ಕುಚ್ಚಲಕ್ಕಿಯ ಗಂಜಿ, ಹೆಸರು, ಅಲಸಂದೆ, ಹರಿವೆ, ಬಸಳೆ, ತೊಂಡೆಕಾಯಿ, ಒಂದೆಲಗದ ಚಟ್ನಿ ಮುಂತಾದವು ನಿತ್ಯದವು. ಆಟಿ ತಿಂಗಳ ಮಳೆಯಲ್ಲಿ ಕೆಸುವಿನೆಲೆಯ ಪತ್ರೊಡೆ, ತಜಂಕಿನ ಸೊಪ್ಪು, ಕಣಿಲೆ ಇವು ಋತುಚರ್ಯೆಯ ಅಂಗಗಳಾಗಿದ್ದವು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವುದರಿಂದ ಹೊರಪದರದ ಜೀವಸತ್ವಗಳಲ್ಲಿ ಒಂದಷ್ಟು ಕಾಳಿನೊಳಕ್ಕೆ ಇಳಿದು ಉಳಿಯುತ್ತವೆ. ಇಂದು ಕುಚ್ಚಲಕ್ಕಿಯ ಜಾಗಕ್ಕೆ ನುಣುಪು ಮಾಡಿದ ಬೆಳ್ತಿಗೆ ಅಕ್ಕಿ ಬಂದಿದೆ. ಗಂಜಿಯ ಜಾಗಕ್ಕೆ ಮೈದಾದ ಪರೋಟ, ಬನ್ಸ್, ಗೋಳಿಬಜೆಗಳು ಬಂದಿವೆ. ಹಬ್ಬಕ್ಕೊಮ್ಮೆ ಎಣ್ಣೆ ಕಾಯುತ್ತಿದ್ದ ಬಾಣಲೆ ದಿನವೂ ಒಲೆಯ ಮೇಲಿರುತ್ತದೆ.

ಉತ್ತರ ಕರ್ನಾಟಕದ ಜಿಲ್ಲೆಗಳಿಂದ ದುಡಿಮೆ, ನೌಕರಿ, ವ್ಯಾಪಾರಗಳಿಗಾಗಿ ಮಂಗಳೂರಿಗೆ ಬಂದು ನೆಲೆಸಿದ ಕುಟುಂಬಗಳು ಹಲವು. ಆ ಮನೆಗಳ ಅಡುಗೆಯಲ್ಲಿ ಜೋಳದ ರೊಟ್ಟಿ, ಮಡಕೆಕಾಳು, ಪುಂಡಿಪಲ್ಯ, ಅಗಸಿ ಚಟ್ನಿ, ಮಜ್ಜಿಗೆಗಳೆಂಬ ಸಂಪತ್ತು ಇತ್ತು. ರೊಟ್ಟಿ ಬಡಿಯಲು ಹೊತ್ತಿಲ್ಲವೆಂದೋ, ಮಕ್ಕಳು ಒಲ್ಲೆನ್ನುತ್ತಾರೆಂದೋ ಅದನ್ನು ಬಿಟ್ಟು, ಕರಾವಳಿಯ ಗಂಜಿಯನ್ನೂ ಕಲಿಯದೆ, ಎರಡು ನಾಡುಗಳ ಪೈಕಿ ಒಂದರ ಊಟವೂ ಅಲ್ಲದ ಪೊಟ್ಟಣದ ಊಟಕ್ಕೆ ಇಳಿದವರುಂಟು. ಎರಡು ಸಂಪ್ರದಾಯಗಳ ಹಿತವಾದುದನ್ನು ಕೂಡಿಸಿಕೊಳ್ಳುವ ಅವಕಾಶ ಇಂಥ ಮನೆಗಳಿಗೆ ಇತರರಿಗಿಂತ ಹೆಚ್ಚು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯು ದಿನದ ಒಟ್ಟು ಶಕ್ತಿಯಲ್ಲಿ ಧಾನ್ಯದ ಪಾಲು ಶೇಕಡಾ 45ನ್ನು ಮೀರದಿರಲಿ ಎಂದು ಹೇಳಿದೆ. ಅನ್ನವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ತಟ್ಟೆಯ ಅರ್ಧದಷ್ಟನ್ನು ತರಕಾರಿ, ಸೊಪ್ಪು, ಹಣ್ಣುಗಳಿಗೆ ಬಿಟ್ಟುಕೊಟ್ಟು, ಬೇಳೆಕಾಳುಗಳನ್ನು ಹೆಚ್ಚಿಸಿ, ಉಳಿದ ಸ್ಥಳದಲ್ಲಿ ಅನ್ನವೋ ರೊಟ್ಟಿಯೋ ಇರಲಿ ಎಂದಷ್ಟೇ ಅದರ ತಾತ್ಪರ್ಯ.

ಉಪ್ಪಿನ ವಿಚಾರದಲ್ಲಿ ಕರಾವಳಿಯವರು ವಿಶೇಷ ಎಚ್ಚರ ವಹಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಮೆ, ಅಂದರೆ ಒಂದು ಚಹಾ ಚಮಚಕ್ಕೂ ಕಡಮೆ ಉಪ್ಪನ್ನು ವಿಧಿಸಿದೆ. ಗಂಜಿಯೊಂದಿಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪುನೀರಿನಲ್ಲಿರಿಸಿದ ಹಲಸಿನ ಸೊಳೆ ಇವು ಸೇರಿದರೆ ಆ ಮಿತಿ ಒಂದೇ ಊಟದಲ್ಲಿ ಮುಗಿಯಬಹುದು. ಬೆವರು ಸುರಿಯುವ ನಾಡಿನಲ್ಲಿ ಉಪ್ಪು ಹೆಚ್ಚು ಬೇಕೆಂಬ ವಾದ ಬಿಸಿಲಲ್ಲಿ ದಿನವಿಡೀ ದುಡಿಯುವವನ ಬಾಯಲ್ಲಿ ಒಪ್ಪೀತು. ಬೀಸಣಿಗೆಯ ಕೆಳಗೆ ಕುಳಿತವನ ಬಾಯಲ್ಲಿ ಒಪ್ಪದು.

ಎಲೆ, ಅಡಿಕೆ, ಹೊಗೆಸೊಪ್ಪು

ಅಡಿಕೆ ಈ ಜಿಲ್ಲೆಯ ಬದುಕಿಗೆ ಆಧಾರವಾದ ಬೆಳೆ. ಮಂಗಳಕಾರ್ಯದ ತಾಂಬೂಲದಲ್ಲಿ ಅದಕ್ಕೆ ಮಾನ್ಯಸ್ಥಾನವಿದೆ. ಆದರೆ ಸತ್ಯವನ್ನು ಮರೆಮಾಚುವುದು ಶಿಕ್ಷಕರ ಧರ್ಮವಲ್ಲ. ಅರ್ಬುದ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪು ಬೆರೆಸದ ಅಡಿಕೆಯನ್ನೂ ಮನುಷ್ಯರಲ್ಲಿ ಅರ್ಬುದಕಾರಕವೆಂದು ವರ್ಗೀಕರಿಸಿದೆ. ಹೊಗೆಸೊಪ್ಪು ಕೂಡಿದರೆ ಅಪಾಯ ಇಮ್ಮಡಿಸುತ್ತದೆಂದೇ ಹೇಳಬೇಕು. ಕರ್ನಾಟಕ ಸರಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಶಿಕ್ಷಣ ಸಂಸ್ಥೆಯಿಂದ 100 ಗಜದೊಳಗೆ ತಂಬಾಕಿನ ಪದಾರ್ಥಗಳ ಮಾರಾಟವನ್ನು ಕೇಂದ್ರದ ಕಾಯಿದೆ ತಡೆದಿದೆ. ಕಾಯಿದೆ ಗೇಟಿನ ಹೊರಗಿನದನ್ನು ನೋಡಿಕೊಳ್ಳಬಹುದು. ಗೇಟಿನ ಒಳಗೆ ಹಿರಿಯರ ಬಾಯಿಯೇ ಮಕ್ಕಳಿಗೆ ಪಾಠ.

ಶಾಲೆಯ ಹೊಣೆ, ದಾನಿಗಳ ಹೊಣೆ

ನಲವತ್ತರಲ್ಲಿ ಕಾಣಿಸಿಕೊಳ್ಳುವ ರೋಗದ ಬೀಜ ಹದಿನಾಲ್ಕರಲ್ಲಿ ಬೀಳುತ್ತದೆ. ಆದುದರಿಂದ ಈ ರೋಗಗಳ ನಿಜವಾದ ಚಿಕಿತ್ಸಾಲಯ ಶಾಲೆಯೇ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ. ಪರೀಕ್ಷೆಯ ತಿಂಗಳು ಬಂದೊಡನೆ ಆಟದ ಅವಧಿಯನ್ನು ಗಣಿತಕ್ಕೋ ಇಂಗ್ಲಿಷಿಗೋ ಎತ್ತಿಕೊಡುವ ಪದ್ಧತಿ ಅನೇಕ ಶಾಲೆಗಳಲ್ಲಿದೆ. ಒಳ್ಳೆಯ ಉದ್ದೇಶದಿಂದ ನಡೆಯುವ ಈ ತಪ್ಪನ್ನು ಶಿಕ್ಷಕರು ಬಿಡಬೇಕು. ಕರಾವಳಿಯಲ್ಲಿ ಗರಡಿಗಳಿದ್ದವು, ಬಯಲುಸೀಮೆಯಲ್ಲಿ ಗರಡಿಮನೆಗಳಿದ್ದವು, ಕಬಡ್ಡಿ, ಖೋಖೋ, ಸೂರ್ಯನಮಸ್ಕಾರಗಳಿಗೆ ದುಬಾರಿ ಸಲಕರಣೆ ಬೇಡ, ಮಣ್ಣಿನ ಅಂಗಳ ಸಾಕು. ಆ ಅಂಗಳವನ್ನು ಹೊಸ ಕಟ್ಟಡಕ್ಕೆ ಕೊಡುವ ಮುನ್ನ ಆಡಳಿತ ಮಂಡಳಿಗಳು ಹತ್ತು ಸಲ ಆಲೋಚಿಸುವುದು ಒಳ್ಳೆಯದು. ಕಟ್ಟಡಕ್ಕೆ ಶಿಲಾಫಲಕ ಬರುತ್ತದೆ, ಬಯಲಿಗೆ ಬರುವುದಿಲ್ಲ ಎಂಬುದು ನಿಜ. ಆದರೆ ಮಕ್ಕಳ ಹೃದಯವನ್ನು ಬೆಳೆಸುವುದು ಬಯಲು.

ಭಾರತ ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರವು 2020ರ ನಿಯಮಾವಳಿಯಲ್ಲಿ ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲೂ ಗೇಟಿನಿಂದ 50 ಮೀಟರಿನೊಳಗೂ ಮಾರಬಾರದೆಂದು ವಿಧಿಸಿದೆ. ಈ ನಿಯಮದ ನಿಜವಾದ ಪರೀಕ್ಷೆ ಅಂಗಡಿಯಲ್ಲಿ ಅಲ್ಲ, ದಾಸೋಹದ ಮನೆಯಲ್ಲಿ. ಕರ್ನಾಟಕ ಸರಕಾರವು ಶಾಲಾಮಕ್ಕಳ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂಬ ಹೆಸರನ್ನೇ ಇರಿಸಿದೆ. ಶರಣರ ಮಾತು ಹೀಗೆ ನಾಡಿನ ಮಾತಾಯಿತು. ಆ ಮಾತಿನ ಮಾನವನ್ನು ಉಳಿಸುವ ಹೊಣೆ ಮಠದ ಶಾಲೆಗಳ ಮೇಲೆ ಹೆಚ್ಚು. ಹುಟ್ಟುಹಬ್ಬ, ಪುಣ್ಯತಿಥಿ, ಗೃಹಪ್ರವೇಶಗಳ ಸ್ಮರಣೆಗಾಗಿ ದಾನಿಗಳು ವಿದ್ಯಾರ್ಥಿಗಳಿಗೆ ಸಿಹಿಯೂಟ ಹಾಕಿಸುವುದು ಶ್ರದ್ಧೆಯ ಕಾರ್ಯ. ಮನೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಆ ಹಬ್ಬ, ನೂರಾರು ದಾನಿಗಳಿರುವ ಸಂಸ್ಥೆಯಲ್ಲಿ ವಾರಕ್ಕೆರಡು ಸಲ ನಡೆಯುತ್ತದೆ. ಒಬ್ಬೊಬ್ಬ ದಾನಿಯ ಕೈಯಲ್ಲಿ ಒಂದೇ ಲಾಡು. ಆದರೆ ತಿನ್ನುವ ಮಗು ಒಂದೇ. ಅದೇ ಹಣವನ್ನು ಒಂದು ವಾರದ ಹಣ್ಣಿಗೆ, ಸೊಪ್ಪಿಗೆ, ಕಾಳಿಗೆ, ಕೈತೋಟದ ಬಾವಿಗೆ, ಆಟದ ಅಂಗಳದ ಸುತ್ತಣ ನೆರಳಿನ ಮರಗಳಿಗೆ ವಿನಿಯೋಗಿಸಿದರೆ ದಾನವು ಕುಂದುವುದಿಲ್ಲ, ಪಥ್ಯವಾಗುತ್ತದೆ. ಇದನ್ನು ದಾನಿಗಳ ಮುಂದೆ ಹೇಳಲು ಸಂಸ್ಥೆಗಳಿಗೆ ಸಂಕೋಚವಿರುವುದು ಸಹಜ. ದಾನಿಗಳೇ ಅರಿತು ಮುಂದೆ ಬಂದರೆ ಆ ಸಂಕೋಚಕ್ಕೆ ಎಡೆಯಿರದು.

ಹಳೆಯ ವಿದ್ಯಾರ್ಥಿಗಳಲ್ಲಿ ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳುವುದು ಅವಶ್ಯ. ಇದಕ್ಕಾಗಿ ಮನೆಬಾಗಿಲಿಗೇ ಬರುವ ‘ಗೃಹ ಆರೋಗ್ಯ’ ಎಂಬ ಯೋಜನೆಯನ್ನು ರಾಜ್ಯ ಸರಕಾರ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿತು. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಹೃದಯ ಪರೀಕ್ಷೆಯ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ದೂರದಿಂದಲೇ ಸಲಹೆ ದೊರೆಯುವಂತೆ ಮಾಡಿದ ಕಾರ್ಯವೂ ಸ್ತುತ್ಯವಾದುದು. ಈಗಾಗಲೇ ಔಷಧ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಕೂಡದು. ನಡೆ ತಿದ್ದಿಕೊಂಡಂತೆ ಔಷಧದ ಪ್ರಮಾಣವನ್ನು ತಗ್ಗಿಸಬಹುದೇ ಎಂಬುದನ್ನು ನಿರ್ಣಯಿಸತಕ್ಕವರು ವೈದ್ಯರೇ.

ಉಪಸಂಹಾರ

ಬೆಳಗಿನ ಹೊತ್ತು ಅರ್ಧ ಗಂಟೆ ಕೆರೆಯ ಸುತ್ತಲೋ ಬಯಲಲ್ಲೋ ನಡೆಯುವುದು, ಹತ್ತಿರದ ಅಂಗಡಿಗೆ ವಾಹನವಿಲ್ಲದೆ ಹೋಗುವುದು, ಎರಡನೆಯ ಸಲ ಅನ್ನ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿಯುವುದು, ಹಪ್ಪಳವನ್ನು ಹಬ್ಬಕ್ಕೆ ಇರಿಸುವುದು, ಹೊಗೆಸೊಪ್ಪನ್ನು ಮುಟ್ಟದಿರುವುದು, ಮದ್ಯವನ್ನು ವರ್ಜಿಸುವುದು, ಹೊತ್ತಿಗೆ ಮಲಗುವುದು – ಇವುಗಳಲ್ಲಿ ಒಂದೂ ಹೊಸದಲ್ಲ, ಒಂದಕ್ಕೂ ಹಣ ಬೇಡ. ಬೇಕಾದುದು ನಿತ್ಯವೂ ಮಾಡುವ ನಿಷ್ಠೆ. ಒಂದು ದಿನ ಮಾಡಿದ್ದು ಉಪದೇಶ. ದಿನವೂ ಮಾಡಿದ್ದು ಆಚಾರ. ಪಂಚಾಚಾರಗಳಲ್ಲಿ ಸದಾಚಾರಕ್ಕೆ ಸ್ಥಾನ ಕೊಟ್ಟ ಪರಂಪರೆಯು ಶರೀರದ ಸದಾಚಾರವನ್ನೂ ಅದರೊಳಗೆ ಸೇರಿಸಿಕೊಳ್ಳಬಲ್ಲದು.

ಈ ಸಂಸ್ಥೆಯ ಆಶ್ರಯದಲ್ಲಿ ಇಂದು ಓದುತ್ತಿರುವ ಮಕ್ಕಳು ಇನ್ನು ನಲವತ್ತು ವರ್ಷಗಳ ಬಳಿಕ ಇಂಥದೇ ಒಂದು ಸ್ಮರಣ ಸಂಚಿಕೆಯನ್ನು ಕೈಗೆತ್ತಿಕೊಳ್ಳುವಾಗ, ಅಗಲಿದ ಸಹಪಾಠಿಗಳ ಪಟ್ಟಿ ಅದರಲ್ಲಿ ಚಿಕ್ಕದಾಗಿರಲಿ. ಕೆರೆಯ ದಂಡೆಯಲ್ಲಿ ಮೊಮ್ಮಕ್ಕಳೊಡನೆ ಬಿರುಸಾಗಿ ನಡೆಯುವ ಶಕ್ತಿ ಅವರ ಕಾಲುಗಳಲ್ಲಿ ಉಳಿದಿರಲಿ ಎಂಬುದೇ ಹಾರೈಕೆ.